ಸಹಾಯ ಬೇಕು: ಈ ಮೂರು ಆಕ್ಸೊಲಾಟಲ್ ಮರಿಗಳ ಬಣ್ಣ ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವನು. ಕಳೆದ ತಿಂಗಳು ಮೂರು ಆಕ್ಸೊಲಾಟಲ್ (ನೀರಲ್ಲೇ ಬದುಕುವ, ಹಲ್ಲಿಯಂಥ ಉಭಯಚರ) ಮರಿ ತಂದೆ. ಈಗ ಎರಡೂವರೆ ಇಂಚು ಇವೆ. ಕೊಟ್ಟವರು ಮೂರೂ ಗೋಲ್ಡನ್ (ಹಳದಿ ಬಣ್ಣದವು) ಅಂದಿದ್ದರು. ನನಗ್ಯಾಕೋ ನಂಬಿಕೆ ಇಲ್ಲ.

ಒಂದರ ಮೈ ಬಿಳಿ, ಕಣ್ಣು ಕಪ್ಪು, ತಲೆ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ಇದು ಲ್ಯೂಸಿಸ್ಟಿಕ್ (ಬಿಳಿ ಮೈ, ಕಪ್ಪು ಕಣ್ಣಿನ ಬಗೆ) ಅಲ್ವಾ? ಎರಡನೆಯದೂ ಬಿಳಿಯೇ, ಆದರೆ ಕಣ್ಣು ಕೆಂಪು. ಗೋಲ್ಡನ್ ಆಲ್ಬಿನೊ (ಮೈಯಲ್ಲಿ ಕಪ್ಪು ಬಣ್ಣದ ಅಂಶ ಇಲ್ಲದ ಬಗೆ) ಮರಿಗಳು ಮೊದಲು ಬಿಳಿಯಾಗಿದ್ದು ಬೆಳೆಯುತ್ತಾ ಹಳದಿಯಾಗುತ್ತವೆ. ಹಾಗಾದರೆ ಬಿಳಿ ಆಲ್ಬಿನೊದಿಂದ ಇದನ್ನು ಈಗಲೇ ಬೇರೆ ಮಾಡಿ ಗುರುತಿಸುವುದು ಹೇಗೆ?

ಮೂರನೆಯದೇ ತಲೆನೋವು. ಮೈಯೆಲ್ಲ ಕಪ್ಪು. ಗೋಲ್ಡನ್ ಅಂತೂ ಖಂಡಿತ ಅಲ್ಲ! ವೈಲ್ಡ್ ಟೈಪ್ (ಮೂಲದ ಸಹಜ ಗಾಢ ಬಣ್ಣದ್ದು) ಆದರೆ ಕಣ್ಣಿನ ಪಾಪೆಯ ಸುತ್ತ ಹೊಳೆಯುವ ಉಂಗುರ ಇರಬೇಕು, ಮೆಲನಾಯ್ಡ್‌ಗೆ (ಹೊಳಪಿಲ್ಲದ ಕಪ್ಪು ಬಗೆ) ಅದು ಇರುವುದಿಲ್ಲ. ನಿನ್ನೆ ರಾತ್ರಿ ಟಾರ್ಚ್ ಹಿಡಿದೆ. ಎಡಗಣ್ಣಿನಲ್ಲಿ ತೆಳ್ಳಗೆ ಏನೋ ಮಿಂಚಿದ ಹಾಗಾಯಿತು, ಅಷ್ಟರಲ್ಲಿ ಕಲ್ಲಿನ ಹಿಂದೆ ಓಡಿತು. ಅವಕ್ಕೆ ರೆಪ್ಪೆ ಇಲ್ಲ ನೋಡಿ, ಮತ್ತೆ ಬೆಳಕು ಹಾಕಲು ಮನಸ್ಸಾಗಲಿಲ್ಲ. ತೊಟ್ಟಿಯ ತಳವೂ ಕಪ್ಪು, ಅದಕ್ಕೇ ಬಣ್ಣ ಜಾಸ್ತಿ ಗಾಢವಾಗಿದೆಯೋ ಏನೋ.

ನಮ್ಮೂರಿನ ಸೆಕೆಗೆ ಐಸ್ ಬಾಟಲಿ ಇಟ್ಟು ನೀರನ್ನು 18 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಫೋಟೊ ಹಾಕಿದ್ದೇನೆ. ಸಾಕಿದವರು ದಯವಿಟ್ಟು ಹೇಳಿ. ಕಣ್ಣಿನ ಫೋಟೊ ಸರಿಯಾಗಿ ತೆಗೆಯುವುದು ಹೇಗೆ ಅಂತಲೂ ತಿಳಿಸಿ.