ಕೋಡ್‌ನ ಒಂದು ಭಾಗಕ್ಕೆ ಮಾತ್ರ ವಾರ್ನಿಂಗ್ ನಿಲ್ಲಿಸುವುದು: ಪ್ರಶ್ನೋತ್ತರ

ಸದಸ್ಯ 1: ಮೇಡಂ, ಜಿಸಿಸಿಯಲ್ಲಿ (ಸಿ, ಸಿ++ ಕಂಪೈಲರ್) ಒಂದೇ ಫಂಕ್ಷನ್‌ಗೆ ವಾರ್ನಿಂಗ್ ನಿಲ್ಲಿಸೋದು ಹೇಗೆ? ಒಳಗೆ ಹಳೇ ಎಪಿಐ ಇದೆ, ಸದ್ಯಕ್ಕೆ ಬದಲಾಯಿಸೋಕಾಗಲ್ಲ.

ಉತ್ತರ: ಫಂಕ್ಷನ್ ಮೇಲೆ "#ಪ್ರಾಗ್ಮಾ ಜಿಸಿಸಿ ಡಯಾಗ್ನಾಸ್ಟಿಕ್ ಪುಶ್". ಪ್ರಾಗ್ಮಾ ಅಂದ್ರೆ ಕಂಪೈಲರ್‌ಗೆ ಕೋಡ್‌ನಲ್ಲೇ ಬರೆಯೋ ಸೂಚನೆ, ಪುಶ್ ಅಂದ್ರೆ ಈಗಿನ ಸೆಟ್ಟಿಂಗ್ ಉಳಿಸಿಡೋದು. ಕೆಳಗಿನ ಸಾಲಲ್ಲಿ ಅದೇ ಪ್ರಾಗ್ಮಾ, "ಇಗ್ನೋರ್ಡ್" ಜೊತೆ ಆ ವಾರ್ನಿಂಗ್ ಹೆಸರು. ಫಂಕ್ಷನ್ ಮುಗಿದ ಕೂಡಲೇ "ಪಾಪ್", ಉಳಿಸಿದ ಸೆಟ್ಟಿಂಗ್ ವಾಪಸ್. ಜಿಸಿಸಿ 4.6ರಿಂದ ಇದೆ, ಕ್ಲ್ಯಾಂಗ್ ಕಂಪೈಲರ್‌ನಲ್ಲೂ ನಡೆಯುತ್ತೆ. ಯಾಕೆ ನಿಲ್ಲಿಸಿದಿರಿ ಅಂತ ಕಾಮೆಂಟ್ ಬರೆದಿಡಿ.

ಸದಸ್ಯ 2: ವಿಶುವಲ್ ಸ್ಟುಡಿಯೋದಲ್ಲಿ?

ಉತ್ತರ: "#ಪ್ರಾಗ್ಮಾ ವಾರ್ನಿಂಗ್": ಪುಶ್, ಡಿಸೇಬಲ್ ಜೊತೆ ವಾರ್ನಿಂಗ್ ನಂಬರ್, ಪಾಪ್. ಒಂದೇ ಸಾಲಿಗಾದರೆ "ಸಪ್ರೆಸ್" ಸಾಕು.

ಸದಸ್ಯ 3: ಫಾರ್ವರ್ಡ್ ಬಂದಿದೆ: ಮೇಕ್‌ಫೈಲ್‌ಗೆ (ಬಿಲ್ಡ್ ಹೇಗೆ ಅಂತ ಬರೆದಿಡೋ ಫೈಲ್) ಸಣ್ಣಕ್ಷರದ "-ಡಬ್ಲ್ಯೂ" ಹಾಕಿದ್ರೆ ಎಲ್ಲ ವಾರ್ನಿಂಗ್ ಮಾಯ.

ಉತ್ತರ: ದಯವಿಟ್ಟು ಹಾಕಬೇಡಿ. ರಿಟರ್ನ್ ಮರೆತ ಫಂಕ್ಷನ್, ಪ್ರಿಂಟ್‌ಎಫ್‌ಗೆ ಕೊಟ್ಟ ತಪ್ಪು ಟೈಪ್, ಯಾವುದೂ ಕಾಣಲ್ಲ.

ಸದಸ್ಯ 4: ಮೇಡಂ, ನೆಟ್‌ವರ್ಕ್‌ನಿಂದ ಬಂದ ಯುಇಂಟ್32 (4 ಬೈಟ್ ಪೂರ್ಣಾಂಕ) ವೇರಿಯಬಲ್‌ನ ವಿಳಾಸವನ್ನ ಫ್ಲೋಟ್ ಪಾಯಿಂಟರ್‌ಗೆ ಕಾಸ್ಟ್ ಮಾಡಿ ಓದ್ತೀನಿ. -ಓ2 ಆಪ್ಟಿಮೈಸೇಶನ್‌ನಲ್ಲಿ ಸ್ಟ್ರಿಕ್ಟ್-ಅಲಿಯಾಸಿಂಗ್ ವಾರ್ನಿಂಗ್ (ಒಂದೇ ಜಾಗವನ್ನ ಬೇರೆ ಟೈಪ್‌ನ ಪಾಯಿಂಟರ್‌ನಿಂದ ಓದೋದಕ್ಕೆ) ಬಂತು, ಪ್ರಾಗ್ಮಾ ಹಾಕಿದೆ. ಈಗ ರಿಲೀಸ್ ಬಿಲ್ಡ್‌ನಲ್ಲಿ ಒಮ್ಮೊಮ್ಮೆ ಹಳೇ ಬೆಲೆ ಬರ್ತಿದೆ, ಡೀಬಗ್‌ನಲ್ಲಿ ಸರಿಯಿದೆ.

ಉತ್ತರ: ಇದಕ್ಕೆ ನನಗೆ ನಿಜವಾಗಿ ಆತಂಕ. ಪ್ರಾಗ್ಮಾದಿಂದ ನಿಂತದ್ದು ಮೆಸೇಜ್ ಮಾತ್ರ, ಕೋಡ್ ವೇಗ ಮಾಡೋ ಆಪ್ಟಿಮೈಸರ್ ಹಾಗೇ ಇದೆ. ಫ್ಲೋಟ್ ಪಾಯಿಂಟರೂ ಯುಇಂಟ್32 ವೇರಿಯಬಲ್ಲೂ ಒಂದೇ ಜಾಗ ಆಗಲ್ಲ ಅಂತ ಅದು ನಂಬುತ್ತೆ. ಹಾಗಾಗಿ ನೀವು ಹೊಸ ಬೆಲೆ ಬರೆಯೋ ಮೊದಲೇ ಅದು ಓದಿಬಿಡಬಹುದು. ಹಳೇ ಬೆಲೆ ಬರೋದು ಅಲ್ಲಿಂದ. ಆಪ್ಟಿಮೈಸ್ ಮಾಡದ -ಓ0ನಲ್ಲಿ ಆ ಊಹೆ ಮಾಡಲ್ಲ, ಡೀಬಗ್ ಸರಿಯಿರೋದು ಅದಕ್ಕೇ. ಪ್ರಾಗ್ಮಾ ತೆಗೆದು, ಫ್ಲೋಟ್ ವೇರಿಯಬಲ್‌ಗೆ 4 ಬೈಟ್ ಮೆಮ್‌ಕಾಪಿ (ಬೈಟ್ ನಕಲು ಮಾಡೋ ಫಂಕ್ಷನ್) ಮಾಡಿ. ನಿಧಾನ ಆಗುತ್ತೆ ಅಂತ ಹೆದರಬೇಡಿ, -ಓ2ನಲ್ಲಿ ಸಾಮಾನ್ಯವಾಗಿ ಆ ಕರೆಯೇ ಉಳಿಯಲ್ಲ. ಸಿ++20 ಇದ್ದರೆ ಅದೇ ಕೆಲಸಕ್ಕೆ ಬಿಟ್_ಕಾಸ್ಟ್ ಬಳಸಿ. ಇದೇ ಕಾಸ್ಟ್ ಬೇರೆಲ್ಲಿದೆ ಹುಡುಕಿ. ಎಲ್ಲ ಸರಿಯಾಗೋವರೆಗೆ, ಆ ಊಹೆ ನಿಲ್ಲಿಸೋ -ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಹಾಕಿಡಿ.

ಸದಸ್ಯ 3: ನಮ್ಮಲ್ಲಿ -ಡಬ್ಲ್ಯೂ ಇಟ್ಟು ಏನೂ ಆಗಿಲ್ಲ.

ಸದಸ್ಯ 5: ಆಗಿದ್ರೂ ಗೊತ್ತಾಗೋದು ಹೇಗೆ ಸ್ವಾಮಿ? ನಾವು -ಡಬ್ಲ್ಯೂಎರರ್ ಹಾಕ್ತೀವಿ, ವಾರ್ನಿಂಗ್ ಬಂದ್ರೆ ಅದೇ ಎರರ್.

ಸದಸ್ಯ 3: ಹೊಸ ಕಂಪೈಲರ್ ಬಂದ ದಿನ ನಿಮ್ಮ ಲೈಬ್ರರಿ ತಗೊಂಡೋರ ಬಿಲ್ಡ್ ಎಲ್ಲ ನಿಲ್ಲುತ್ತೆ. ಆಗ ಫೋನ್ ಎತ್ತೋರು ಯಾರು?

ಸದಸ್ಯ 5: ಸಿಐನಲ್ಲಿ (ನಮ್ಮದೇ ತಾನಾಗಿ ನಡೆಯೋ ಬಿಲ್ಡ್ ಪರೀಕ್ಷೆ) ಮಾತ್ರ ಹಾಕೋದು. ಕೇಳಿಕೊಂಡು ಮಾತಾಡಿ.

ಸದಸ್ಯ 6: ಮ್ಯಾಕ್ರೋ ಒಳಗೆ #ಪ್ರಾಗ್ಮಾ ಬರೆಯೋಕಾಗಲ್ವಲ್ಲ, ಏನು ಮಾಡೋದು?

ಸದಸ್ಯ 7: ಒಂದೇ ಫಂಕ್ಷನ್‌ಗೆ ನಿಲ್ಲಿಸೋದು ಹೇಗೆ ಮೇಡಂ?

ಉತ್ತರ: ಮೊದಲ ಉತ್ತರ ಓದಿ.

ಸದಸ್ಯ 3: ಇನ್ನೊಂದು ಫಾರ್ವರ್ಡ್: ಕಾಮನ್ ಹೆಡರ್‌ನಲ್ಲಿ ಇಗ್ನೋರ್ಡ್ ಒಂದೇ ಸಲ ಹಾಕಿ, ಪುಶ್ ಪಾಪ್ ಬೇಡ.

ಉತ್ತರ: ಪಾಪ್ ಇಲ್ಲದಿದ್ದರೆ ಆ ಹೆಡರ್ ಸೇರಿಸಿದ ಪ್ರತಿ ಫೈಲ್‌ನಲ್ಲೂ ಅದರ ಕೆಳಗಿನ ಕೋಡ್‌ಗೆಲ್ಲ ವಾರ್ನಿಂಗ್ ಸತ್ತುಹೋಗುತ್ತೆ. ಫಾರ್ವರ್ಡ್ ಇಲ್ಲಿ ಹಾಕೋದು ನಿಲ್ಲಿಸಿ.

ಸದಸ್ಯ 4: ಮೇಡಂ, ಇನ್ನೊಂದು ಫೈಲ್‌ನಲ್ಲೂ ಅಂಥ ಕಾಸ್ಟ್ ಸಿಕ್ಕಿತು. ಅಲ್ಲಿ ಫ್ಲೋಟ್ ಅಲ್ಲ, "ಡಬಲ್" ಟೈಪ್‌ನ ಪಾಯಿಂಟರ್.

ಉತ್ತರ: 4 ಬೈಟ್ ಜಾಗದಿಂದ 8 ಬೈಟ್ ಓದ್ತಿದ್ದೀರಿ. ಉಳಿದದ್ದೆಲ್ಲ ಆಮೇಲೆ, ಮೊದಲು ಅದನ್ನ ಸರಿಮಾಡಿ.