ಸಹಾಯ ಬೇಕು: ಅಜ್ಜನ ತೊಗಲು ಗೊಂಬೆಗಳನ್ನು ಸಂಘದ ಪುಸ್ತಕದಲ್ಲಿ ಹೇಗೆ ಬರೆದುಕೊಳ್ಳುವುದು?

ಎಲ್ಲರಿಗೂ ನಮಸ್ಕಾರ. ನಾವು ಕೊಪ್ಪಳ ಕಡೆಯ ಕಿಳ್ಳೇಕ್ಯಾತರು, ತೊಗಲು ಗೊಂಬೆ ಆಡಿಸುವ ಮನೆತನದವರು. 2025ರಲ್ಲಿ ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಹುಡುಗರಿಗೂ ಹುರುಪು ಬಂತು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಮಾಡಿಕೊಂಡೆವು. ಏಳು ಜನ ಇದ್ದರೆ ಸಾಕು, ಅದೇನೂ ಕಷ್ಟ ಆಗಲಿಲ್ಲ.

ಈಗ ಒಂದು ಕೋಣೆಯಲ್ಲಿ ಹಳೇ ಗೊಂಬೆ ಇಟ್ಟು ಶಾಲೆ ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ನಮ್ಮ ಅಜ್ಜ ಒಬ್ಬರು ತಗಡಿನ ಪೆಟ್ಟಿಗೆ ತೆಗೆದರು. ಮೇಲೆಯೇ ಹತ್ತು ತಲೆಯ ರಾವಣ. ಆಡಿನ ಚರ್ಮ ಅಂಚಿನಲ್ಲಿ ಸುರುಟಿದೆ, ಮೊಣಕೈ ಹತ್ತಿರ ಯಾರೋ ಕಪ್ಪು ದಾರದಲ್ಲಿ ಹೊಲಿದಿದ್ದಾರೆ. ದೀಪಕ್ಕೆ ಹಿಡಿದರೆ ಕೆಂಪು ಇನ್ನೂ ಹೊಳೆಯುತ್ತದೆ!

"ತಗೊಂಡು ಹೋಗ್ರಿ, ಆದರ ದಾನ ಅಲ್ಲ. ಹಬ್ಬಕ್ಕ ಪೂಜೆಗೆ ಮನೀಗೆ ಬರಬೇಕು" ಅಂದರು. ಸರಿಯಾದ ಮಾತೇ ಅಲ್ವಾ?

ಲೆಕ್ಕ ನೋಡುವವರನ್ನು ಕೇಳಿದರೆ "ಸುಮ್ನೆ ದಾನ ಅಂತ ಬರೆದುಬಿಡಿ" ಅಂದರು. ಬರೆದರೆ ಅದು ಸಂಘದ ಆಸ್ತಿ ಆಗುತ್ತದೆ, ಅಜ್ಜನಿಗೆ ಮೋಸ. ಬರೆಯದೆ ಇಟ್ಟುಕೊಂಡರೆ ನಾಳೆ ಒಂದು ಗೊಂಬೆ ಹೋದರೆ ಜವಾಬು ಯಾರದ್ದು? ವಕೀಲರೊಬ್ಬರು ಛಾಪಾ ಕಾಗದದಲ್ಲಿ ಬರೆಸಿ ಅಂದರು, ಏನು ಬರೆಸಬೇಕು ಅಂತ ಹೇಳಲಿಲ್ಲ.

ಮನೆತನದ ವಸ್ತುಗಳನ್ನು ಹೀಗೆ ಎರವಲಾಗಿ ಇಟ್ಟುಕೊಂಡ ಸಂಘದವರು ಇಲ್ಲಿದ್ದೀರಾ? ಒಪ್ಪಂದದಲ್ಲಿ ಯಾವ ಯಾವ ಮಾತು ಇರಲೇಬೇಕು? ದಾಸ್ತಾನು ಪುಸ್ತಕದ ಬದಲು ಇವಕ್ಕೇ ಬೇರೆ ಪುಸ್ತಕ ಇಟ್ಟರೆ ಆಡಿಟ್‌ನಲ್ಲಿ ನಡೆಯುತ್ತದಾ?