ಬೆಂಜಾಲ್ಡಿಹೈಡ್ ಟಾಲೆನ್ಸ್‌ಗೆ ಸ್ಪಂದಿಸುತ್ತದೆ, ಫೆಹ್ಲಿಂಗ್‌ಗೆ ಯಾಕಿಲ್ಲ?

ಕಾರ್ಬನ್_ಕುತೂಹಲಿ:
ಆಲ್ಡಿಹೈಡ್ ಇದ್ದರೆ ಟಾಲೆನ್ಸ್ ದ್ರಾವಣದಲ್ಲಿ (ಅಮೋನಿಯಾ ಬೆರೆಸಿದ ಬೆಳ್ಳಿ ನೈಟ್ರೇಟ್) ಬೆಳ್ಳಿ ಕನ್ನಡಿ ಬರುತ್ತದೆ, ಫೆಹ್ಲಿಂಗ್ ದ್ರಾವಣ (ಕ್ಷಾರ ಬೆರೆಸಿದ ತಾಮ್ರದ ದ್ರಾವಣ) ಕಾಯಿಸಿದರೆ ತಳದಲ್ಲಿ ಇಟ್ಟಿಗೆ ಕೆಂಪು ಪುಡಿ ಕೂರುತ್ತದೆ. ಆದರೆ ಬೆಂಜಾಲ್ಡಿಹೈಡ್ ಕನ್ನಡಿ ಕೊಡುತ್ತದೆ, ಕೆಂಪು ಪುಡಿ ಮಾತ್ರ ಕೊಡುವುದಿಲ್ಲ. ಅದೂ ಆಲ್ಡಿಹೈಡೇ ಅಲ್ವಾ? ಆಲ್ಫಾ ಹೈಡ್ರೋಜನ್ (ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್‌ಗೆ ಅಂಟಿರುವ ಹೈಡ್ರೋಜನ್) ಇಲ್ಲದ್ದೇ ಕಾರಣ ಅಂತ ಒಬ್ಬರು ಹೇಳಿದರು. ಸರಿಯಾ?

ಬೀಕರ್_ಬಳಗ:
ಮೊದಲು ಕೀಟೋನ್ ಜೊತೆ ಹೋಲಿಸಿ ನೋಡಿ. ಎರಡರಲ್ಲೂ ಕಾರ್ಬನ್-ಆಕ್ಸಿಜನ್ ದ್ವಿಬಂಧ ಇದೆ, ಆದರೆ ಆಲ್ಡಿಹೈಡ್‌ನಲ್ಲಿ ಆ ಕಾರ್ಬನ್‌ಗೇ ಒಂದು ಹೈಡ್ರೋಜನ್ ಅಂಟಿಕೊಂಡಿರುತ್ತದೆ. ಹಾಗಾಗಿ ಕಾರ್ಬನ್ ಸರಪಳಿ ಮುರಿಯದೆಯೇ ಅದು ಸುಲಭವಾಗಿ ಆಮ್ಲವಾಗುತ್ತದೆ. ಕೀಟೋನ್‌ನಲ್ಲಿ ಸರಪಳಿಯೇ ತುಂಡಾಗಬೇಕು.

ಇನ್ನು ಬೆಂಜಾಲ್ಡಿಹೈಡ್. ಅದರ ಬೆಂಜೀನ್ ಉಂಗುರ ಪಕ್ಕದ ಕಾರ್ಬನ್‌ಗೆ ಎಲೆಕ್ಟ್ರಾನ್ ಹಂಚುತ್ತದೆ, ಆ ಕಾರ್ಬನ್‌ನ ಧನಾವೇಶ ತಗ್ಗಿ ಅಣು ಸ್ವಲ್ಪ ಸೋಮಾರಿಯಾಗುತ್ತದೆ. ಟಾಲೆನ್ಸ್‌ನ ಬೆಳ್ಳಿ ಅಯಾನು ಜೋರಿನದು, ಹಾಗಾಗಿ ಅದನ್ನೂ ಆಕ್ಸಿಡೀಕರಿಸಿಬಿಡುತ್ತದೆ. ಫೆಹ್ಲಿಂಗ್‌ನಲ್ಲಿರುವ ತಾಮ್ರ ಟಾರ್ಟ್ರೇಟ್‌ನ ಹಿಡಿತದಲ್ಲಿದ್ದು ಮೆತ್ತಗಿರುತ್ತದೆ, ಅದರ ಕೈಲಿ ಆಗುವುದಿಲ್ಲ.

ಅಣುಬಂಧು:
ಆಲ್ಫಾ ಹೈಡ್ರೋಜನ್ ವಾದ ನಿಲ್ಲುವುದಿಲ್ಲ. ಫಾರ್ಮಾಲ್ಡಿಹೈಡ್‌ನಲ್ಲಿ ಆಲ್ಫಾ ಕಾರ್ಬನ್ನೇ ಇಲ್ಲ, ಆದರೂ ಫೆಹ್ಲಿಂಗ್ ಪರೀಕ್ಷೆ ಸಲೀಸಾಗಿ ಪಾಸಾಗುತ್ತದೆ. ಆ ಹೈಡ್ರೋಜನ್ ಇಲ್ಲದ್ದರ ಪರಿಣಾಮ ಬೇರೆ ಕಡೆ ಕಾಣುತ್ತದೆ: ಬೆಂಜಾಲ್ಡಿಹೈಡ್, ಫಾರ್ಮಾಲ್ಡಿಹೈಡ್ ಎರಡೂ ಗಾಢ ಕ್ಷಾರದಲ್ಲಿ ಕ್ಯಾನಿಜಾರೋ ಕ್ರಿಯೆಗೆ ಒಳಗಾಗುತ್ತವೆ, ಅಂದರೆ ಒಂದು ಅಣು ಆಲ್ಕೋಹಾಲ್ ಆದರೆ ಇನ್ನೊಂದು ಆಮ್ಲದ ಲವಣ ಆಗುತ್ತದೆ. ಕ್ಯಾನಿಜಾರೋ ಇದನ್ನು 1853ರಲ್ಲೇ ತೋರಿಸಿದ್ದು ಬೆಂಜಾಲ್ಡಿಹೈಡ್‌ನಲ್ಲೇ. ನನಗೆ ಆಲ್ಡಿಹೈಡ್‌ಗಳಲ್ಲಿ ತುಂಬಾ ಇಷ್ಟವಾದ ಕ್ರಿಯೆ ಇದು!

ಅಂದಹಾಗೆ, ಕನ್ನಡಿ ಬಂತು ಅಂದ ಮಾತ್ರಕ್ಕೆ ಆಲ್ಡಿಹೈಡ್ ಅಂತ ಬರೆದುಬಿಡಬೇಡಿ. ಫ್ರಕ್ಟೋಸ್ ಕೀಟೋನ್ ಗುಂಪಿರುವ ಸಕ್ಕರೆ, ಆದರೆ ಕ್ಷಾರದಲ್ಲಿ ಒಳಗೊಳಗೇ ರೂಪ ಬದಲಿಸಿ ಗ್ಲೂಕೋಸ್ ಥರದ ಆಲ್ಡಿಹೈಡ್ ಸಕ್ಕರೆಯಾಗುವುದರಿಂದ ಎರಡೂ ಪರೀಕ್ಷೆಗೆ ಫಲಿತಾಂಶ ಕೊಡುತ್ತದೆ.

ಕಾರ್ಬನ್_ಕುತೂಹಲಿ:
ಫಾರ್ಮಾಲ್ಡಿಹೈಡ್ ಉದಾಹರಣೆಯಿಂದ ಪೂರ್ತಿ ಸ್ಪಷ್ಟವಾಯಿತು. ಇನ್ನೊಂದು ಪ್ರಶ್ನೆ. ನಮ್ಮ ಹಳೇ ಬೆಂಜಾಲ್ಡಿಹೈಡ್ ಬಾಟಲಿಯ ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದೆ, ಅದೇನು?

ಬೀಕರ್_ಬಳಗ:
ಬೆಂಜೋಯಿಕ್ ಆಮ್ಲ ಇರಬೇಕು. ಬೆಂಜಾಲ್ಡಿಹೈಡ್ ಗಾಳಿಯ ಆಕ್ಸಿಜನ್ ಜೊತೆ ತಾನಾಗಿಯೇ ಸೇರಿ ಹಾಗಾಗುತ್ತದೆ, ಬೆಳಕು ಬಿದ್ದರೆ ಇನ್ನೂ ಬೇಗ. ಬಳಸುವ ಮುಂಚೆ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೋನೇಟ್) ದ್ರಾವಣದಲ್ಲಿ ತೊಳೆದು, ಒಣಗಿಸಿ, ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ.

ಟಾಲೆನ್ಸ್ ದ್ರಾವಣವನ್ನು ಮಾತ್ರ ದಯವಿಟ್ಟು ಬೇಕಾದಾಗಲೇ ಹೊಸದಾಗಿ ಮಾಡಿಕೊಳ್ಳಿ, ಎತ್ತಿಡಬೇಡಿ. ನಿಂತಲ್ಲೇ ಸಿಡಿಯುವ ಬೆಳ್ಳಿ ಸಂಯುಕ್ತ ಅದರಲ್ಲಿ ಕೂಡಿಕೊಳ್ಳುತ್ತದೆ. ಕೆಲಸ ಮುಗಿದ ತಕ್ಷಣ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ, ಆಮೇಲೆ ಬೆಳ್ಳಿ ತ್ಯಾಜ್ಯದ ಬಾಟಲಿಗೆ ಸುರಿಯಿರಿ.